ರೈಲುಹಳಿಯ ಕೊನೆಯಲ್ಲೊಂದು ಹಿಮಖಂಡ

ಧ್ರುವಪ್ರದೇಶದ ವಿಜ್ಞಾನ ಪರೀಕ್ಷೆಯ ಒಂದು ಅಂಕದ ಪ್ರಶ್ನೆಯಾಗಿಯೇ ಮುಗಿಯಬೇಕಿಲ್ಲ. ಮುಟ್ಟಿ ನೋಡಿ ಕಲಿಯುವವರಿಗೆ ಅದು ಅಡುಗೆಮನೆಯಲ್ಲೂ ಸಿಗುತ್ತದೆ, ಒಂದು ಹಗಲಿನ ರೈಲು ಪ್ರಯಾಣದ ದೂರದಲ್ಲೂ ಸಿಗುತ್ತದೆ.

ನವನಗರದ ಮನೆಗಳಲ್ಲಿ ರಾತ್ರಿ ಊಟ ಮುಗಿದು ಮಕ್ಕಳು ಪುಸ್ತಕ ತೆರೆಯುವ ಹೊತ್ತಿಗೆ ಅಮರಗೋಳದ ಕಡೆಯಿಂದ ರೈಲಿನ ಸಿಳ್ಳೆ ಕೇಳಿಬರುತ್ತದೆ. ಆ ಹಳಿ ಹುಬ್ಬಳ್ಳಿಯಿಂದ ಹೊರಟು ಧಾರವಾಡ, ಅಳ್ನಾವರ, ಲೋಂಡಾಗಳನ್ನು ದಾಟುತ್ತದೆ. ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದು, ದೂಧಸಾಗರದ ಮಗ್ಗುಲಲ್ಲಿ ಹಾಯ್ದು, ಕೊನೆಗೆ ವಾಸ್ಕೋ ಡ ಗಾಮಾ ಊರನ್ನು ಮುಟ್ಟುತ್ತದೆ. ಅಲ್ಲಿಗೆ ನೆಲ ಮುಗಿಯಿತು. ಮುಂದೆ ಮಾರ್ಮಗೋವಾ ಬಂದರು, ಅದರಾಚೆ ಅರಬ್ಬಿ ಸಮುದ್ರ.

೧೯೮೧ರ ಡಿಸೆಂಬರ್ ೬ರಂದು ಇದೇ ಗೋವೆಯ ದಂಡೆಯಿಂದ 'ಪೋಲಾರ್ ಸರ್ಕಲ್' ಎಂಬ ನಾರ್ವೆಯ ಹಡಗು ೨೧ ಜನ ಭಾರತೀಯರನ್ನು ಹೊತ್ತು ದಕ್ಷಿಣಕ್ಕೆ ಹೊರಟಿತು. ಎಲ್ಲಿಗೆ ಹೋಗುತ್ತಿದೆ ಎಂಬುದು ದೇಶದ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಸಾಗರ ವಿಜ್ಞಾನಿ ಡಾ. ಎಸ್. ಝಡ್. ಕಾಸಿಂ ಅವರ ನೇತೃತ್ವದ ಆ ತಂಡ ೧೯೮೨ರ ಜನವರಿ ೯ರಂದು ಅಂಟಾರ್ಕ್ಟಿಕಾದ ಹಿಮದ ಮೇಲೆ ಕಾಲಿಟ್ಟಿತು. ಅಂದರೆ, ನವನಗರದ ಮಗುವಿಗೆ ದಿನವೂ ಸಿಳ್ಳೆ ಕೇಳಿಸುವ ಹಳಿಯ ಕೊನೆಯಲ್ಲಿಯೇ ಭಾರತದ ಧ್ರುವಯಾತ್ರೆಯ ಬಾಗಿಲು ತೆರೆದದ್ದು.

ಇದನ್ನು ಮಗುವಿಗೆ ಹೇಳುವವರು ಮಾತ್ರ ಕಡಿಮೆ.

ಒಂದು ಅಂಕದ ಉತ್ತರ

'ಜಗತ್ತಿನ ಅತ್ಯಂತ ಶೀತಲ ಖಂಡ ಯಾವುದು?' 'ಅಂಟಾರ್ಕ್ಟಿಕಾ.' ಒಂದು ಅಂಕ ಬಂತು, ಪಾಠ ಮುಗಿಯಿತು. ಚಿತ್ರ ಬಿಡಿಸಲು ಹೇಳಿದರೆ ಒಂದೇ ಹಾಳೆಯ ಮೇಲೆ ಪೆಂಗ್ವಿನ್ನೂ ಹಿಮಕರಡಿಯೂ ಅಕ್ಕಪಕ್ಕ ನಿಲ್ಲುತ್ತವೆ. ಒಂದು ದಕ್ಷಿಣದ ವಾಸಿ, ಇನ್ನೊಂದು ಉತ್ತರದ ವಾಸಿ; ತಮ್ಮ ನೆಲೆಯಲ್ಲಿ ಅವೆರಡೂ ಎಂದೂ ಮುಖ ನೋಡಿದವಲ್ಲ. ಮಗು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಅಲ್ಲಿಯ ಬರ್ಫ ಕರಗಿದರ ನಮಗೇನಾಗ್ತದ?" ಎಂದು ಕೇಳಿದರೆ, ದಣಿದು ಬಂದ ತಂದೆ, "ಅದು ಪರೀಕ್ಷಾಕ್ಕ ಬರೂದಿಲ್ಲ, ಬಿಡು" ಅಂದುಬಿಡುತ್ತಾರೆ.

ತಂದೆಯ ಮಾತಿನಲ್ಲಿ ತಪ್ಪಿಲ್ಲ. ಅದು ಪರೀಕ್ಷೆಗೆ ಬರಲಿಕ್ಕಿಲ್ಲ. ಆದರೆ ಮಗುವಿನ ಬದುಕಿಗೆ ಖಂಡಿತ ಬರುತ್ತದೆ. ಇಂದು ಆರನೆಯ ಇಯತ್ತೆಯಲ್ಲಿರುವ ಹುಡುಗಿ ತನ್ನ ತಾಯಿಯ ವಯಸ್ಸಿಗೆ ಬರುವ ಹೊತ್ತಿಗೆ ಕಾರವಾರ, ಹೊನ್ನಾವರಗಳ ದಂಡೆ ಎಲ್ಲಿರುತ್ತದೆ ಎಂಬ ಲೆಕ್ಕದಲ್ಲಿ ಆ ದೂರದ ಹಿಮದ ಪಾಲೂ ಇದೆ. ೧೯೦೧ರಿಂದ ೨೦೧೮ರ ನಡುವೆ ಜಗತ್ತಿನ ಸಮುದ್ರಮಟ್ಟ ಸರಾಸರಿ ಸುಮಾರು ೨೦ ಸೆಂಟಿಮೀಟರಿನಷ್ಟು ಏರಿದೆ. ಉತ್ತರ ಧ್ರುವದ ಹಿಮಕ್ಕೂ ಭಾರತದ ಮುಂಗಾರಿಗೂ ಇರುವ ನಂಟನ್ನು ವಿಜ್ಞಾನಿಗಳು ಶೋಧಿಸುತ್ತಿದ್ದಾರೆ. ಮುಂಗಾರಿನ ಮಾತು ಬಂದಮೇಲೆ ಎರಿಭೂಮಿಯ ರೈತನ ಮನೆಯ ಮಾತೂ ಬಂದಂತೆಯೇ.

'ಮುಟ್ಟಬೇಡಿ' ಫಲಕ ತೆಗೆದಾಗ

ವಸ್ತುಸಂಗ್ರಹಾಲಯ ಎಂದರೆ ಗಾಜಿನ ಪೆಟ್ಟಿಗೆ, ಅದರ ಮೇಲೆ 'ಮುಟ್ಟಬೇಡಿ' ಎಂಬ ಫಲಕ. ಇದು ಹಳೆಯ ರೂಢಿ. ಈ ರೂಢಿಯನ್ನು ಮುರಿದವರಲ್ಲಿ ಅಮೆರಿಕದ ಭೌತವಿಜ್ಞಾನಿ ಫ್ರ್ಯಾಂಕ್ ಓಪನ್‌ಹೈಮರ್ ಪ್ರಮುಖರು. ೧೯೬೯ರಲ್ಲಿ ಅವರು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ತೆರೆದ 'ಎಕ್ಸ್‌ಪ್ಲೊರೇಟೋರಿಯಂ' ಎಂಬಲ್ಲಿ ಮುಟ್ಟದೆ ನೋಡುವ ವಸ್ತುವಿಗಿಂತ ತಿರುಗಿಸಿ, ಎಳೆದು, ಒತ್ತಿ ನೋಡುವ ವಸ್ತುವಿಗೇ ಬೆಲೆ.

ಭಾರತವೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಕಲ್ಕತ್ತೆಯ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ೧೯೫೯ರಲ್ಲಿ ತೆರೆಯಿತು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ೧೯೬೫ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ವಿಜ್ಞಾನದ ಮಾದರಿಗಳನ್ನು ಹೊತ್ತ ಸಂಚಾರಿ ಬಸ್ಸುಗಳು ಹಳ್ಳಿಯ ಶಾಲೆಗಳ ಅಂಗಳಕ್ಕೂ ಹೋದವು. ೧೯೮೪ರಲ್ಲಿ ಗುಲ್ಬರ್ಗದಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಬಂತು. ೨೦೧೨ರಲ್ಲಿ ಧಾರವಾಡಕ್ಕೂ ಪ್ರಾದೇಶಿಕ ವಿಜ್ಞಾನ ಕೇಂದ್ರ ಬಂತು. ನವನಗರದ ಮಕ್ಕಳು ಚಿಗರಿ ಬಸ್ಸು ಹತ್ತಿದರೆ ಧಾರವಾಡ ದೂರವಲ್ಲ.

ಧ್ರುವಪ್ರದೇಶವನ್ನು ಕೈಗೆ ಮುಟ್ಟಿಸುವ ಪ್ರಯತ್ನಗಳು ಹೊರಗೂ ನಡೆದಿವೆ. ನಾರ್ವೆಯ ಓಸ್ಲೋದಲ್ಲಿ 'ಫ್ರಾಮ್' ಎಂಬ ಹಡಗಿಗೆ ಒಂದು ಸಂಗ್ರಹಾಲಯವನ್ನೇ ಕಟ್ಟಿದ್ದಾರೆ. ೧೯೧೧ರ ಡಿಸೆಂಬರ್ ೧೪ರಂದು ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ರೋಆಲ್ಡ್ ಅಮುಂಡ್ಸೆನ್ ಹೋದದ್ದು ಆ ಹಡಗಿನಲ್ಲೇ. ಇಂದು ಮಕ್ಕಳು ಅದರೊಳಗೆ ಓಡಾಡಬಹುದು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿರುವ ಅಂಟಾರ್ಕ್ಟಿಕ ಕೇಂದ್ರದಲ್ಲಿ ದಪ್ಪ ಕೋಟು ತೊಡಿಸಿ ಮಕ್ಕಳನ್ನು ಹಿಮಗಾಳಿಯ ಕೋಣೆಯೊಳಗೆ ಬಿಡುತ್ತಾರೆ. ಚಳಿ ಎಂದರೇನೆಂದು ಹತ್ತು ಪುಟ ಓದಿದವನಿಗಿಂತ ಅಲ್ಲಿ ಹತ್ತು ನಿಮಿಷ ನಿಂತವನಿಗೆ ಹೆಚ್ಚು ತಿಳಿಯುತ್ತದೆ.

ಅಷ್ಟು ದೂರ ಹೋಗುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಇಂಥ ಕೇಂದ್ರಗಳಲ್ಲಿ ಮಕ್ಕಳ ಕೈಯಿಂದ ಮಾಡಿಸುವ ಪ್ರಯೋಗಗಳಿಗೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಹೆಚ್ಚಿನವು ಮನೆಯ ಅಡುಗೆಮನೆಯಲ್ಲೇ, ಶಾಲೆಯ ವರಾಂಡದಲ್ಲೇ ಆಗುವಂಥವು.

ಎರಡು ಗ್ಲಾಸು, ಒಂದು ಕಲ್ಲು

ಮೊದಲನೆಯದು ಸಮುದ್ರಮಟ್ಟದ ಪ್ರಯೋಗ. ಎರಡು ಒಂದೇ ಅಳತೆಯ ಗಾಜಿನ ಗ್ಲಾಸುಗಳನ್ನು ತೆಗೆದುಕೊಳ್ಳಬೇಕು. ಒಂದರಲ್ಲಿ ನೀರು ಹಾಕಿ ಬರ್ಫದ ತುಂಡುಗಳನ್ನು ತೇಲಿಬಿಡಬೇಕು. ಇನ್ನೊಂದರಲ್ಲಿ ನೀರಿನ ಮೇಲೆ ತಲೆಯೆತ್ತಿ ನಿಲ್ಲುವಂಥ ಕಲ್ಲಿಟ್ಟು, ಅದರ ಮೇಲೆ ಅಷ್ಟೇ ಬರ್ಫ ಇಡಬೇಕು. ಎರಡರಲ್ಲೂ ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆಯಬೇಕು. ಬರ್ಫ ಕರಗುವ ಮುನ್ನ ಒಂದು ಕೆಲಸ ಮರೆಯಬಾರದು: ಯಾವ ಗ್ಲಾಸಿನಲ್ಲಿ ನೀರು ಏರುತ್ತದೆ ಎಂದು ಪ್ರತಿ ಮಗುವಿನಿಂದಲೂ ಊಹೆ ಬರೆಸಬೇಕು. ಊಹಿಸದೆ ನೋಡಿದ ಪ್ರಯೋಗ ಬರಿಯ ಜಾದೂ. ಊಹಿಸಿ ನೋಡಿದ್ದು ವಿಜ್ಞಾನ.

ಕರಗಿದ ಮೇಲೆ ನೋಡಿದರೆ ತೇಲುವ ಬರ್ಫದ ಗ್ಲಾಸಿನಲ್ಲಿ ಗೆರೆ ಇದ್ದಲ್ಲೇ ನೀರು ಇರುತ್ತದೆ. ಕಲ್ಲಿನ ಮೇಲಿದ್ದ ಬರ್ಫ ಕರಗಿ ಇಳಿದ ಗ್ಲಾಸಿನಲ್ಲಿ ಮಾತ್ರ ನೀರು ಗೆರೆ ದಾಟಿರುತ್ತದೆ. ತೇಲುವ ಬರ್ಫ ತನ್ನ ತೂಕದಷ್ಟು ನೀರನ್ನು ಮೊದಲೇ ಪಕ್ಕಕ್ಕೆ ಸರಿಸಿತ್ತು; ಕರಗಿದಾಗ ಆ ಜಾಗವನ್ನೇ ತುಂಬಿತು. ಉತ್ತರ ಧ್ರುವದ ಸುತ್ತ ಇರುವುದು ಬಹುಮಟ್ಟಿಗೆ ಸಮುದ್ರದ ಮೇಲೆ ತೇಲುವ ಹಿಮ. ಅಂಟಾರ್ಕ್ಟಿಕಾ ಮತ್ತು ಗ್ರೀನ್‌ಲ್ಯಾಂಡಿನದು ನೆಲದ ಮೇಲೆ ಕುಳಿತ ಹಿಮ.

ಆ ನೆಲದ ಮೇಲಿನ ಹಿಮ ಎಷ್ಟು? ಅಂಟಾರ್ಕ್ಟಿಕಾದ ವಿಸ್ತೀರ್ಣ ಸುಮಾರು ೧ ಕೋಟಿ ೪೦ ಲಕ್ಷ ಚದರ ಕಿಲೋಮೀಟರ್. ಭಾರತದ ನಾಲ್ಕು ಪಟ್ಟಿಗೂ ಹೆಚ್ಚು. ಹಿಮದ ದಪ್ಪ ಸರಾಸರಿ ಸುಮಾರು ಎರಡು ಕಿಲೋಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ನಾಲ್ಕು ಭಾರತಗಳ ಮೇಲೆ ಮುಳ್ಳಯ್ಯನಗಿರಿಯ ಎತ್ತರಕ್ಕೆ ಹಿಮ ಹಾಸಿದೆ ಎಂದು ಊಹಿಸಿಕೊಂಡರೆ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. ಅದೆಲ್ಲವೂ ಕರಗಿದರೆ ಸಮುದ್ರ ಸುಮಾರು ೫೮ ಮೀಟರ್ ಏರೀತು. ಅಷ್ಟೂ ನಾಳೆಗೆ ಕರಗುವುದಿಲ್ಲ, ಹೆದರಬೇಕಿಲ್ಲ. ಆದರೆ ಅದರಲ್ಲಿ ನೂರರ ಒಂದು ಪಾಲು ಕರಗಿದರೂ ಮೀನುಗಾರರ ಕೇರಿಗೆ ಅದು ಸಣ್ಣ ಸುದ್ದಿಯಲ್ಲ.

ಸುಣ್ಣದ ಡಬ್ಬಿ, ಮಸಿಯ ಡಬ್ಬಿ

ಎರಡನೆಯ ಪ್ರಯೋಗಕ್ಕೆ ಎರಡು ಖಾಲಿ ಡಬ್ಬಿ ಸಾಕು. ಒಂದಕ್ಕೆ ಹೊರಗಡೆ ಸುಣ್ಣ ಬಳಿಯಬೇಕು, ಇನ್ನೊಂದಕ್ಕೆ ಕಪ್ಪು ಬಣ್ಣ. ಎರಡರಲ್ಲೂ ಸಮನಾಗಿ ನೀರು ತುಂಬಿ, ಮುಚ್ಚಳ ಹಾಕಿ, ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಒಂದು ತಾಸು ಇಟ್ಟು ಉಷ್ಣಮಾಪಕದಿಂದ ಅಳೆಯಬೇಕು. ಕಪ್ಪು ಡಬ್ಬಿಯ ನೀರು ಹೆಚ್ಚು ಕಾದಿರುತ್ತದೆ. ಬೇಸಿಗೆಯಲ್ಲಿ ಮಾಳಿಗೆಗೆ ಸುಣ್ಣ ಹೊಡೆಸುವ ಅಜ್ಜನಿಗೆ ಇದು ಯಾವ ಪುಸ್ತಕವಿಲ್ಲದೆಯೂ ಗೊತ್ತು.

ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು, ಹಿಂದಕ್ಕೆ ಕಳಿಸುತ್ತದೆ. ತೆರೆದ ಸಮುದ್ರ ಹಿಂದೆ ಕಳಿಸುವುದು ನೂರಕ್ಕೆ ಆರರಷ್ಟನ್ನು ಮಾತ್ರ. ಹಿಮ ಕರಗಿದಷ್ಟೂ ಕಪ್ಪು ನೀರು ತೆರೆದುಕೊಳ್ಳುತ್ತದೆ. ಕಪ್ಪು ನೀರು ಕಾದಷ್ಟೂ ಪಕ್ಕದ ಹಿಮ ಕರಗುತ್ತದೆ. ಭೂಮಿಯ ಮಾಳಿಗೆಯ ಸುಣ್ಣ ಉದುರತೊಡಗಿದೆ ಎಂದರೆ ಮಗುವಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಮೂರನೆಯದು ಮಕ್ಕಳಿಗೆ ಅತ್ಯಂತ ಪ್ರಿಯವಾದದ್ದು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಡಾಲ್ಡಾ ತುಂಬಿ, ಅದರೊಳಗೆ ಇನ್ನೊಂದು ಚೀಲ ಸೇರಿಸಿ, ಒಳಚೀಲದಲ್ಲಿ ಕೈ ತೂರಿಸಿ, ಬರ್ಫದ ನೀರಿನ ಬಕೀಟಿನಲ್ಲಿ ಅದ್ದುವುದು. ಇನ್ನೊಂದು ಕೈಯನ್ನು ಬರಿಯ ಚೀಲದಲ್ಲಿ ಅದ್ದುವುದು. ಬರಿಯ ಚೀಲದ ಕೈ ಬೇಗ ಹೊರಗೆ ಬರುತ್ತದೆ. ಡಾಲ್ಡಾದ ಕೈ ಆರಾಮಾಗಿ ಉಳಿಯುತ್ತದೆ. ಸೀಲ್, ತಿಮಿಂಗಿಲಗಳು ಚರ್ಮದಡಿ ಹೊತ್ತ ಕೊಬ್ಬಿನ ಹಾಸು ಮಾಡುವುದು ಈ ಕೆಲಸವನ್ನೇ. ಹಿರಿಯರು ಹತ್ತಿರ ಇದ್ದು ಮಾಡಿಸಬೇಕಾದ ಪ್ರಯೋಗ ಇದು.

ಹಿಮದ ದಿನಚರಿ

ಹಿಮಕ್ಕೆ ನೆನಪಿದೆ. ಒಂದು ವರ್ಷದ ಹಿಮದ ಮೇಲೆ ಮುಂದಿನ ವರ್ಷದ್ದು ಬಿದ್ದು, ಒತ್ತಿ, ಗಟ್ಟಿಯಾಗುತ್ತದೆ. ಅದರೊಳಗೆ ಆಯಾ ಕಾಲದ ಗಾಳಿ ಸಣ್ಣ ಗುಳ್ಳೆಗಳಾಗಿ ಸೆರೆಯಾಗುತ್ತದೆ. ಧೂಳು, ಜ್ವಾಲಾಮುಖಿಯ ಕುರುಹು ಸಿಕ್ಕಿಕೊಳ್ಳುತ್ತವೆ. ೧೮೧೫ರಲ್ಲಿ ಸಿಡಿದ ಇಂಡೋನೇಷ್ಯಾದ ತಂಬೋರಾ ಪರ್ವತದ ಗುರುತು ಧ್ರುವದ ಹಿಮದಲ್ಲಿ ಇಂದಿಗೂ ಸಿಗುತ್ತದೆ. ಉದ್ದನೆಯ ಕೊಳವೆಯಿಂದ ಹಿಮವನ್ನು ಕೊರೆದು, ಸ್ತಂಭದಂತೆ ಹೊರತೆಗೆದು ಓದುವುದು ಧ್ರುವವಿಜ್ಞಾನದ ದೊಡ್ಡ ವಿದ್ಯೆ. ಯುರೋಪಿನ ವಿಜ್ಞಾನಿಗಳು ತೆಗೆದ ಇಂಥ ಒಂದು ಸ್ತಂಭ ೮ ಲಕ್ಷ ವರ್ಷಗಳ ಕಥೆ ಹೇಳಿತು. ೨೦೨೫ರ ಜನವರಿಯಲ್ಲಿ ೨,೮೦೦ ಮೀಟರ್ ಆಳದವರೆಗೆ ಕೊರೆದು ತೆಗೆದ ಇನ್ನೊಂದರಲ್ಲಿ ೧೨ ಲಕ್ಷ ವರ್ಷಗಳಿಗೂ ಹಳೆಯ ಹಿಮವಿದೆ ಎಂದು ಅವರು ಪ್ರಕಟಿಸಿದರು.

ಆ ೮ ಲಕ್ಷ ವರ್ಷಗಳ ಗುಳ್ಳೆಗಳಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು ೩೦೦ ಭಾಗವನ್ನು ದಾಟಿದ್ದೇ ಇಲ್ಲ. ಇಂದಿನ ಗಾಳಿಯಲ್ಲಿ ಅದು ೪೨೦ಕ್ಕೂ ಹೆಚ್ಚು. ಈ ಒಂದು ಸಂಗತಿ ತಿಳಿದ ಮಗುವಿಗೆ 'ಹವಾಮಾನ ಬದಲಾವಣೆ' ಎಂಬುದು ಭಾಷಣದ ಮಾತಾಗಿ ಉಳಿಯುವುದಿಲ್ಲ.

ಇದಕ್ಕೂ ಮನೆಯಲ್ಲೊಂದು ಮಾದರಿ ಇದೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಬೆರಳು ನೀರು ಹಾಕಿ ಹೆಪ್ಪುಗಟ್ಟಿಸಬೇಕು. ಅದರ ಮೇಲೆ ಅರಿಷಿಣ ಕದಡಿದ ನೀರು, ಮತ್ತೆ ಬರಿಯ ನೀರು, ಆಮೇಲೆ ಒಲೆಯ ಬೂದಿ ಬೆರೆಸಿದ ನೀರು, ಹೀಗೆ ಒಂದೊಂದೇ ಪದರು. ಒಂದು ಗುಂಪು ಗುಟ್ಟಾಗಿ ಮಾಡಿದ ಸ್ತಂಭವನ್ನು ಇನ್ನೊಂದು ಗುಂಪು ಓದಬೇಕು: ಯಾವ ವರ್ಷ ಧೂಳು ಹೆಚ್ಚು, ಯಾವ ವರ್ಷ ಬೆಟ್ಟ ಸಿಡಿಯಿತು, ಮೊದಲು ಆದದ್ದು ಯಾವುದು? 'ಕೆಳಗಿನದು ಹಳೆಯದು' ಎಂದು ಯಾರೂ ಹೇಳಿಕೊಡದೆ ಮಕ್ಕಳೇ ಕಂಡುಕೊಳ್ಳುತ್ತಾರೆ. ಅದೇ ಈ ಪಾಠದ ಸೊಗಸು.

ಗೋವೆಯ ಸೆಕೆಯಲ್ಲಿ ಮೈನಸ್ ಇಪ್ಪತ್ತು

ನಿಜವಾದ ಹಿಮಸ್ತಂಭಗಳಿರುವ ಮನೆಯೂ ದೂರವಿಲ್ಲ. ವಾಸ್ಕೋದ ಹೆಡ್‌ಲ್ಯಾಂಡ್ ಸಡಾ ಗುಡ್ಡದ ಮೇಲೆ ರಾಷ್ಟ್ರೀಯ ಧ್ರುವೀಯ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ೧೯೯೮ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯೇ ಭಾರತದ ಧ್ರುವಯಾತ್ರೆಗಳನ್ನೆಲ್ಲ ನಡೆಸುತ್ತದೆ. ಹೊರಗೆ ಗೋವೆಯ ಬೆವರಿಳಿಯುವ ಸೆಕೆ. ಒಳಗೆ ಹಿಮಸ್ತಂಭದ ಪ್ರಯೋಗಾಲಯದಲ್ಲಿ ಮೈನಸ್ ೨೦ ಡಿಗ್ರಿ. ಒಂದೇ ಕಟ್ಟಡದಲ್ಲಿ ಎರಡು ಭೂಗೋಳ.

೨೦೨೫ರ ಮೇ ತಿಂಗಳಲ್ಲಿ ಇದೇ ಆವರಣದಲ್ಲಿ 'ಪೋಲಾರ್ ಭವನ' ಮತ್ತು 'ಸಾಗರ ಭವನ' ಎಂಬ ಎರಡು ಹೊಸ ಕಟ್ಟಡಗಳು ಉದ್ಘಾಟನೆಯಾದವು. ದೇಶದ ಮೊದಲ ಧ್ರುವ ಮತ್ತು ಸಾಗರ ವಸ್ತುಸಂಗ್ರಹಾಲಯಕ್ಕೆ ಪೋಲಾರ್ ಭವನದಲ್ಲಿ ಜಾಗ ಎಂದು ಆಗ ಪ್ರಕಟಿಸಲಾಯಿತು. ಗಾಳಿ, ಸಮುದ್ರ, ಹಿಮಗಳ ಚಲನೆಯನ್ನು ದೊಡ್ಡ ಗೋಲದ ಮೇಲೆ ಮೂಡಿಸಿ ತೋರಿಸುವ ವ್ಯವಸ್ಥೆಯೂ ಅಲ್ಲಿದೆ. ಗೋವೆಗೆ ಶೈಕ್ಷಣಿಕ ಪ್ರವಾಸ ಹೊರಡುವ ಹುಬ್ಬಳ್ಳಿ-ಧಾರವಾಡದ ಶಾಲೆಗಳು ಕಡಲದಂಡೆ, ಚರ್ಚುಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳುವಂತಿದೆ. ಇದು ಸಂಶೋಧನೆಯ ಜಾಗವಾದ್ದರಿಂದ ಮೊದಲೇ ಪತ್ರ ಬರೆದು ಅನುಮತಿ ಪಡೆಯುವುದು ಲೇಸು.

ಅಂಟಾರ್ಕ್ಟಿಕಾದಲ್ಲಿ ಭಾರತದ ಮೊದಲ ನೆಲೆ 'ದಕ್ಷಿಣ ಗಂಗೋತ್ರಿ' ೧೯೮೩-೮೪ರಲ್ಲಿ ಎದ್ದಿತು. ಆ ಸಲದ ತಂಡದಲ್ಲಿ ಇಬ್ಬರು ಮಹಿಳೆಯರಿದ್ದರು: ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಮತ್ತು ಸಾಗರ ವಿಜ್ಞಾನಿ ಅದಿತಿ ಪಂತ್. ಆ ನೆಲೆ ಕ್ರಮೇಣ ಹಿಮದಲ್ಲಿ ಹೂತುಹೋಯಿತು. ೧೯೮೯ರಲ್ಲಿ ಬಂಡೆಯ ನೆಲದ ಮೇಲೆ 'ಮೈತ್ರಿ' ಬಂತು. ೨೦೧೨ರಲ್ಲಿ, ಧಾರವಾಡದ ವಿಜ್ಞಾನ ಕೇಂದ್ರ ತೆರೆದ ವರ್ಷವೇ, ೧೩೪ ಸರಕು ಕಂಟೇನರುಗಳನ್ನು ಜೋಡಿಸಿ ಕಟ್ಟಿದ 'ಭಾರತಿ' ನೆಲೆ ಕೆಲಸ ಆರಂಭಿಸಿತು. ಉತ್ತರದ ಆರ್ಕ್ಟಿಕ್‌ನಲ್ಲಿ ೨೦೦೮ರಿಂದ 'ಹಿಮಾದ್ರಿ' ಇದೆ.

ಅಲ್ಲಿಗೆ ಹೋಗುವವರು ಡಾಕ್ಟರೇಟ್ ಪಡೆದವರು ಮಾತ್ರ ಎಂಬ ಕಲ್ಪನೆ ಪಾಲಕರಲ್ಲಿ ಸಾಮಾನ್ಯ. ಆದರೆ ತಿಂಗಳುಗಟ್ಟಲೆ ಸೂರ್ಯ ಕಾಣದ ಚಳಿಗಾಲದಲ್ಲಿ ನೆಲೆ ಬದುಕಿರಬೇಕಾದರೆ ಜನರೇಟರ್ ನಡೆಯಬೇಕು, ವಾಹನ ದುರಸ್ತಿಯಾಗಬೇಕು, ಅಡುಗೆ ಆಗಬೇಕು. ವೈದ್ಯರು, ಎಲೆಕ್ಟ್ರಿಷಿಯನ್, ವೆಲ್ಡರ್, ಮೆಕ್ಯಾನಿಕ್, ಬಡಗಿ, ಅಡುಗೆಯವರು, ಎಲ್ಲರೂ ತಂಡದಲ್ಲಿರುತ್ತಾರೆ. ಕಠಿಣ ವೈದ್ಯಕೀಯ ಪರೀಕ್ಷೆ, ಹಿಮಾಲಯದಲ್ಲಿ ತರಬೇತಿ ಮುಗಿಸಿದ ಮೇಲೆಯೇ ಪಯಣ. ಅಂದಮೇಲೆ ಐ.ಟಿ.ಐ. ಕಲಿಯುತ್ತಿರುವ ಹುಡುಗನಿಗೂ ಈ ದಾರಿ ಮುಚ್ಚಿಲ್ಲ.

ಹದಿನಾರು ಕಿಲೋ ಕಲ್ಲು

ಮುಟ್ಟಿ ಕಲಿಯುವ ಮಾತಿಗೆ ಧ್ರುವದ ಇತಿಹಾಸದಲ್ಲಿ ಒಂದು ಮನ ಕಲಕುವ ಪ್ರಸಂಗವಿದೆ. ಅಮುಂಡ್ಸೆನ್‌ನ ನಂತರ, ೧೯೧೨ರ ಜನವರಿಯಲ್ಲಿ, ಬ್ರಿಟನ್ನಿನ ಕ್ಯಾಪ್ಟನ್ ಸ್ಕಾಟ್ ತನ್ನ ನಾಲ್ವರು ಸಂಗಾತಿಗಳೊಡನೆ ದಕ್ಷಿಣ ಧ್ರುವ ಮುಟ್ಟಿದ. ಹಿಂದಿರುಗುವ ದಾರಿಯಲ್ಲಿ ಐವರೂ ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಹುಡುಕಿ ಹೋದವರಿಗೆ ಅವರ ಕೊನೆಯ ಡೇರೆ ಸಿಕ್ಕಿತು. ಜೊತೆಗೆ ಸಿಕ್ಕಿದ್ದು ಸುಮಾರು ೧೬ ಕಿಲೋ ಕಲ್ಲುಗಳು. ಅನ್ನವಿಲ್ಲದೆ, ಕಾಲು ಹೆಪ್ಪುಗಟ್ಟಿ, ಹೆಜ್ಜೆ ಎತ್ತಿಡಲಾಗದ ಸ್ಥಿತಿಯಲ್ಲೂ ಅವರು ಆ ಕಲ್ಲುಗಳನ್ನು ಎಸೆದಿರಲಿಲ್ಲ.

ಆ ಕಲ್ಲುಗಳಲ್ಲಿ ಒಂದು ಎಲೆಯ ಅಚ್ಚು ಇತ್ತು. ಅದರ ಹೆಸರು ಗ್ಲಾಸಾಪ್ಟೆರಿಸ್. ಅದೇ ಎಲೆಯ ಪಳೆಯುಳಿಕೆ ಭಾರತದ ಕಲ್ಲಿದ್ದಲ ಪದರುಗಳಲ್ಲೂ ಸಿಗುತ್ತದೆ. ಇಂದು ಹಿಮ ಮುಚ್ಚಿದ ನೆಲದಲ್ಲಿ ಒಂದು ಕಾಲಕ್ಕೆ ಕಾಡಿತ್ತು. ಭಾರತ, ಅಂಟಾರ್ಕ್ಟಿಕಾ, ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಗಳು ಗೊಂಡ್ವಾನಾ ಎಂಬ ಒಂದೇ ಮಹಾಖಂಡವಾಗಿದ್ದವು ಎಂಬುದಕ್ಕೆ ಆ ಎಲೆ ಬಲವಾದ ಸಾಕ್ಷಿಯಾಯಿತು. ಭಾರತದ ಪೂರ್ವ ಕರಾವಳಿಯ ಬದಿ ಅಂಟಾರ್ಕ್ಟಿಕಾಕ್ಕೆ ಅಂಟಿಕೊಂಡಿತ್ತು. ಸುಮಾರು ೧೩ ಕೋಟಿ ವರ್ಷಗಳ ಹಿಂದೆ ಅವು ಬೇರ್ಪಟ್ಟವು. ಹಳೆಯ ನಕಾಶೆಯೊಂದನ್ನು ಕತ್ತರಿಸಿ ಈ ಖಂಡಗಳ ಅಂಚುಗಳನ್ನು ಜೋಡಿಸಿ ನೋಡುವುದು ಯಾವ ಶಾಲೆಯಲ್ಲಾದರೂ ಮಾಡಬಹುದಾದ ಕೆಲಸ.

ಈ ಕಥೆಯಲ್ಲಿ ಧಾರವಾಡಕ್ಕೂ ಪಾಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿಯ ಶಿಲೆಗಳನ್ನು ಅಭ್ಯಸಿಸಿ 'ಧಾರವಾರ್' ಎಂಬ ಹೆಸರಿಟ್ಟ. ಇಂದು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಆ ಹೆಸರಿದೆ. ೨೫೦ ಕೋಟಿ ವರ್ಷಗಳಿಗೂ ಹಳೆಯದಾದ ಈ ನೆಲ ಗೊಂಡ್ವಾನಾ ಕೂಡಿದ್ದನ್ನೂ ಕಂಡಿದೆ, ಒಡೆದದ್ದನ್ನೂ ಕಂಡಿದೆ. ನವನಗರದ ಬಯಲಿನಲ್ಲಿ ಮಗು ಎತ್ತಿಕೊಂಡ ಒಂದು ಕಲ್ಲು ಧ್ರುವದ ಹಿಮಕ್ಕಿಂತ ಎಷ್ಟೋ ಪಟ್ಟು ಹಿರಿಯದು. ಅದನ್ನು "ಹೊಲಸು, ಒಗಿ ಅತ್ಲಾಗ" ಎನ್ನುವ ಬದಲು ಒಂದು ಡಬ್ಬಿಯಲ್ಲಿಟ್ಟು, ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು ಎಂದು ಚೀಟಿ ಅಂಟಿಸಲು ಹೇಳಿದರೆ ಮನೆಯಲ್ಲೇ ಒಂದು ಸಂಗ್ರಹಾಲಯದ ಆರಂಭವಾದಂತೆ.

ವಿಜ್ಞಾನ ಕೇಂದ್ರಕ್ಕೆ ಹೋದಾಗಲೂ ಪಾಲಕರು ನೆನಪಿಡಬೇಕಾದದ್ದು ಇಷ್ಟೇ. ಎಲ್ಲ ಮಾದರಿಗಳನ್ನೂ ಒಂದೇ ಸುತ್ತಿನಲ್ಲಿ ನೋಡಿ ಮುಗಿಸುವ ಅವಸರ ಬೇಡ. ಮಗು ಒಂದರ ಮುಂದೆಯೇ ಅರ್ಧ ತಾಸು ನಿಂತರೆ ನಿಲ್ಲಲಿ. ಉತ್ತರವನ್ನು ಮೊದಲೇ ಹೇಳಿಬಿಡುವುದು ಬೇಡ, "ನಿನಗ ಏನ್ ಅನಸ್ತದ?" ಎಂದು ಕೇಳಿದರೆ ಸಾಕು. ಊಹೆ ತಪ್ಪಾದರೆ ನಗುವುದು ಬೇಡ. ತಪ್ಪಾದ ಊಹೆಯೇ ಮಗುವನ್ನು ಎರಡನೆಯ ಸಲ ಪ್ರಯೋಗ ಮಾಡಲು ಕೂರಿಸುತ್ತದೆ.

ಮುಂದಿನ ಅಂತರರಾಷ್ಟ್ರೀಯ ಧ್ರುವ ವರ್ಷ ೨೦೩೨-೩೩ಕ್ಕೆ ಎಂದು ಜಗತ್ತಿನ ವಿಜ್ಞಾನಿಗಳು ಈಗಾಗಲೇ ಸಿದ್ಧತೆ ನಡೆಸಿದ್ದಾರೆ. ಇಂದು ಎರಡು ಗ್ಲಾಸಿಗೆ ಗೆರೆ ಎಳೆಯುವ ಮಕ್ಕಳು ಆಗ ಕಾಲೇಜಿನಲ್ಲಿರುತ್ತಾರೆ. ಅವರಲ್ಲಿ ಒಬ್ಬಳಾದರೂ ಅಮರಗೋಳದ ಹಳಿ ಹಿಡಿದು ವಾಸ್ಕೋಕ್ಕೆ ಇಳಿದು, ಅಲ್ಲಿಂದ ಇನ್ನೂ ಮುಂದಕ್ಕೆ ಹೋಗುವಳೋ ಇಲ್ಲವೋ, ಅದು ದೊಡ್ಡ ಪರೀಕ್ಷೆಯಲ್ಲಿ ನಿರ್ಧಾರವಾಗುವ ಸಂಗತಿಯಲ್ಲ. ಯಾವುದೋ ಒಂದು ರಾತ್ರಿ ಅವಳು ಕೇಳಿದ ಪ್ರಶ್ನೆಗೆ ಮನೆಯವರು "ಬಿಡು" ಎಂದರೋ, "ಬಾ, ಬರ್ಫ ತಗದು ನೋಡೂಣು" ಎಂದರೋ, ಅದರ ಮೇಲೆ ನಿಂತದ್ದು.